ನಾಲ್ಕನೆಯ ಗುಳಿಗೆ

ಇವತ್ತೊಂದು ರಾತ್ರಿಯ ಮಟ್ಟಿಗೆ ನೀವು ಈ ಮನೆಯ ಮಗಳು. ದೀಪ ಹಾಕಬೇಡಿ, ಅಮ್ಮನ ಕಣ್ಣಿಗೆ ಚುಚ್ಚುತ್ತದೆ. ವಿಶಾಖಪಟ್ಟಣದ ಒನ್ ಟೌನು, ಕುರುಪಾಂ ಮಾರ್ಕೆಟ್ಟಿನ ಹಿಂದಿನ ಸಂದಿ, ಮೊದಲ ಮಹಡಿಯ ಬಾಡಿಗೆ ಮನೆ. ಗಂಟೆ ಒಂದೂ ನಲವತ್ತು. ಕಿಟಕಿಯಿಂದ ಒಣಮೀನಿನ ಘಾಟು, ಬಂದರಿನ ಡೀಸೆಲ್ಲಿನ ವಾಸನೆ. ದೂರದಲ್ಲಿ ಹಡಗೊಂದು ಉದ್ದಕ್ಕೆ ಕೂಗಿ ಸುಮ್ಮನಾದ ಮೇಲೆ ಅಮ್ಮನ ನರಳಾಟ ಇನ್ನಷ್ಟು ಜೋರಾಗಿ ಕೇಳುತ್ತದೆ.

"ಇನ್ನೊಂದು ಕೊಡೇ ತಾಯಿ. ಮೂಳೆ ಒಳಗೇ ಕೊರೀತಾ ಇದೆ."

ಶಿವಮೊಗ್ಗದಿಂದ ಮಗಳ ಮನೆಗೆ ಬಂದವಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಪ್ಲಾಸ್ಟರ್ ಹಾಕಿ ಎರಡು ದಿನ. ನಿಮ್ಮ ಗಂಡನಿಗೆ ಬಂದರಿನಲ್ಲಿ ರಾತ್ರಿ ಪಾಳಿ. ಕೊಡುವುದೋ ಬಿಡುವುದೋ, ತೀರ್ಮಾನಿಸಬೇಕಾದವರು ನೀವೊಬ್ಬರೇ.

ಮೊಬೈಲಿನ ಬೆಳಕಲ್ಲಿ ಗುಳಿಗೆಯ ಪಟ್ಟಿ ನೋಡಿ. ಕೆಂಪು ಗೆರೆಯ ಚೌಕ, ಒಳಗೆ ಎಚ್ಚರಿಕೆ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಹೆಸರು: ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಒಂದೇ ಗುಳಿಗೆ, ಔಷಧಿ ಎರಡು. ಮೊದಲನೆಯದು ಅಫೀಮಿನ ಬಳಗದ್ದು. ಮೊನ್ನೆ ಪಾತ ಪೋಸ್ಟಾಫೀಸಿನ ಬಳಿಯ ಮೆಡಿಕಲ್ ಶಾಪಿನವರು "ಚೀಟಿ ಉಂದಾ ಅಮ್ಮಾ?" ಎಂದು ಕೇಳಿ, ಡಾಕ್ಟರ ಹೆಸರು, ಅಮ್ಮನ ಹೆಸರು, ಗುಳಿಗೆಯ ಲೆಕ್ಕ ಎಲ್ಲ ಬೇರೊಂದು ಪುಸ್ತಕಕ್ಕೆ ಇಳಿಸಿಕೊಂಡಾಗ ನಿಮಗೆ ಕಿರಿಕಿರಿಯಾಗಿತ್ತು. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ನಿಯಮ ಅದು. ಆ ಪುಸ್ತಕವನ್ನು ಮೂರು ವರ್ಷ ಕಾದಿಡಬೇಕು. 2018ರಿಂದ ಟ್ರಮಡಾಲ್ ಮಾದಕವಸ್ತು ಕಾಯ್ದೆಯ ಕೆಳಗೂ ಬಂದಿದೆ. ಹಾಗೆಂದು ಇದು ವಿಷವಲ್ಲ. ಮೊದಲ ರಾತ್ರಿ ಅಮ್ಮ ಎರಡು ತುತ್ತು ಉಂಡು ಮಲಗಿದ್ದು ಇದರ ದಯೆಯಿಂದಲೇ. ಹೆದರಿಕೊಂಡು ಮುದುಕರನ್ನು ನೋವಿನಲ್ಲೇ ಬೇಯಿಸುವ ಮನೆಗಳ ಮೇಲೆ ನನಗಂತೂ ಸಿಟ್ಟಿದೆ.

ಚೀಟಿಯಲ್ಲಿ ಬರೆದಿರುವುದು ಎಂಟು ಗಂಟೆಗೊಂದು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಕೊಟ್ಟಿದ್ದೀರಿ. ಇನ್ನೂ ನಾಲ್ಕು ಗಂಟೆಯೂ ಆಗಿಲ್ಲ. ಆದರೆ ಅಮ್ಮ ನಿಮ್ಮ ಸೆರಗು ಹಿಡಿದಿದ್ದಾಳೆ, ಅಂಗೈ ಬೆವರಿದೆ. ಪಟ್ಟಿಯ ಮೇಲೆ ಹೆಬ್ಬೆರಳು ಒತ್ತುತ್ತೀರಿ, ಹಾಳೆ ಚಟಕ್ಕೆನ್ನುತ್ತದೆ.

"ಅಮ್ಮಾ, ಬೇರೆ ಏನಾದರೂ ತಗೊಂಡಿದ್ಯಾ?"

"ಮೈ ಬಿಸಿ ಅಂತ ಡೋಲೋ ನುಂಗಿದೆ. ಮೂರು ಸಲ. ಅದೇನು ಜ್ವರದ್ದಲ್ವಾ?"

ಡೋಲೋ 650 ಎಂದರೂ ಪ್ಯಾರಾಸಿಟಮಾಲೇ. ಮೂರು ಡೋಲೋ, 1950. ನೀವು ಕೊಟ್ಟ ಮೂರರಲ್ಲಿ 975. ಒಟ್ಟು 2925 ಮಿಲಿಗ್ರಾಂ. ಗಟ್ಟಿಮುಟ್ಟಾದವರಿಗೆ ದಿನಕ್ಕೆ 4000ದ ಮೇಲೆ ಹೋಗಬಾರದು. ಅಮ್ಮನಂಥ ಸಣಕಲು ಮೈಯವರಿಗೆ ಅನೇಕ ಡಾಕ್ಟರು 3000ಕ್ಕೇ ಗೆರೆ ಎಳೆಯುತ್ತಾರೆ. ಮೀರಿದರೆ ಪೆಟ್ಟು ಲಿವರಿಗೆ, ಅದೂ ಮೊದಲ ದಿನ ಹೆಚ್ಚೇನೂ ತೋರಗೊಡದೆ.

ಅವಳ ಬಟ್ಟೆಯ ಚೀಲ ಎಳೆದುಕೊಳ್ಳಿ. ವಿಭೂತಿ, ಬಾಮು, ಕನ್ನಡಕದ ಡಬ್ಬಿ, ತಳದಲ್ಲಿ ಇನ್ನೊಂದು ಪಟ್ಟಿ. ಆಲ್ಪ್ರಜೋಲಾಂ. ಊರಿನ ಡಾಕ್ಟರು ಎಂದೋ ನಿದ್ದೆಗೆಂದು ಬರೆದದ್ದು.

"ಇದನ್ನ?"

"ಹತ್ತಕ್ಕೆ ಒಂದು. ನೋವು ತಡೀಲಿಲ್ಲ, ಆಮೇಲೆ ಇನ್ನೊಂದು..." ಮಾತು ನಾಲಿಗೆಯ ಮೇಲೇ ತೊದಲುತ್ತದೆ.

ನಿಮ್ಮ ಹೊಟ್ಟೆ ತಣ್ಣಗಾಗುತ್ತದೆ. ನಿದ್ದೆಯ ಗುಳಿಗೆಯೂ ಟ್ರಮಡಾಲೂ ಎರಡೂ ಮಿದುಳಿಗೆ ಹೇಳುವುದು ಒಂದೇ: ಉಸಿರಾಡಲು ಅವಸರವೇನಿಲ್ಲ. ಒಂದೊಂದೇ ಹೇಳಿದರೆ ಮಿದುಳು ಅಷ್ಟಾಗಿ ಕಿವಿಗೊಡದಿರಬಹುದು. ಎರಡೂ ಸೇರಿ ಹೇಳಿದರೆ ಕೇಳಿಬಿಡುತ್ತದೆ.

ಟ್ರಮಡಾಲ್ ಪಟ್ಟಿಯನ್ನು ಬೀರುವಿನ ಮೇಲಕ್ಕೆ ಎಸೆಯುತ್ತೀರಿ. ಸೆರಗು ಹಿಡಿದ ಕೈ ಸಡಿಲವಾಗುತ್ತದೆ. ನರಳಾಟ ನಿಲ್ಲುತ್ತದೆ. ಅಬ್ಬಾ, ನಿದ್ದೆ ಬಂತು ಎಂದುಕೊಳ್ಳುತ್ತೀರಿ. ಬೇಡ, ಹಾಗೆ ಅಂದುಕೊಳ್ಳಬೇಡಿ. ಗೊರಕೆ ಕೇಳಿ. ಗಂಟಲಲ್ಲಿ ನೀರು ಗುಳುಗುಟ್ಟಿದ ಹಾಗೆ, ನಡುವೆ ಉದ್ದದ ಖಾಲಿ. ಎದೆಯ ಮೇಲೆ ಕೈ ಇಡಿ, ಗಡಿಯಾರ ನೋಡಿ. ಏರಿತು. ಇಳಿಯಿತು. ಮತ್ತೆ ಏರಲಿಲ್ಲ. ಏರಿತು. ನಿಮಿಷಕ್ಕೆ ಹನ್ನೆರಡಾದರೂ ಬೇಕು. ಎಂಟು. ಇನ್ನೊಂದು ನಿಮಿಷ ಎಣಿಸಿ. ಎಂಟೇ. ತುಟಿ ಬೂದಿಬಣ್ಣ. ರೆಪ್ಪೆ ಎತ್ತಿದರೆ ಪಾಪೆ ಸೂಜಿಮೊನೆಯಷ್ಟು.

ಕೂಗಿ. ಭುಜ ಅಲ್ಲಾಡಿಸಿ. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿ, ನೋವಾಗಲಿ. "ಹ್ಞಾಂ" ಎನ್ನುತ್ತಾಳೆ, ಮುಳುಗುತ್ತಾಳೆ. ಕಾಫಿ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಎಡಗೈಗೆ ಪ್ಲಾಸ್ಟರು, ಬಲಮಗ್ಗುಲಿಗೆ ಹೊರಳಿಸಿ, ಗದ್ದ ಮೇಲೆತ್ತಿ. 108 ಒತ್ತಿ.

"ಎಕ್ಕಡಮ್ಮಾ?"

"ಪಾತ ಪೋಸ್ಟಾಫೀಸು ದಗ್ಗರ," ಎನ್ನುವ ದನಿ ನಿಮ್ಮದೇ ಎಂದು ನಂಬಲಾಗುವುದಿಲ್ಲ.

ಬಾಗಿಲು ತೆರೆದಿಟ್ಟು ಬಂದು ಮತ್ತೆ ಎಣಿಸುತ್ತೀರಿ. ಉಸಿರಾಡಮ್ಮಾ. ಹ್ಞೂಂ, ಇನ್ನೊಂದು. ನೀವು ಹೇಳಿದಾಗಲೆಲ್ಲ ಆಡುತ್ತಾಳೆ, ಬಿಟ್ಟರೆ ಮರೆಯುತ್ತಾಳೆ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಹೊರಡುವ ಮುಂಚೆ ಮಾಡಬೇಕಾದ್ದು ಒಂದೇ: ಕುರ್ಚಿ ಹತ್ತಿ ಬೀರುವಿನ ಮೇಲಿನ ಪಟ್ಟಿ ತೆಗೆದು, ಡೋಲೋ, ನಿದ್ದೆಗುಳಿಗೆ ಸೇರಿ ಮೂರನ್ನೂ ಚೀಲಕ್ಕೆ ತುರುಕಿ. ಕೆಜಿಎಚ್‌ನಲ್ಲಿ ಡಾಕ್ಟರು ಮೊದಲು ಕೇಳುವುದು ಅದನ್ನೇ. 1923ರ ಆ ದೊಡ್ಡಾಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿ, ನಲೊಕ್ಸೋನ್ ಪಕ್ಕದಲ್ಲೇ ಇಟ್ಟುಕೊಂಡು ಕಾಯುತ್ತಾರೆ. ಅಫೀಮಿನ ಬಳಗದ ಔಷಧಿಗೆ ಅದು ಮದ್ದು, ಆದರೆ ಟ್ರಮಡಾಲಿನ ಮೇಲೆ ಅರ್ಧಂಬರ್ಧ ಕೆಲಸ. ಫಿಟ್ಸ್ ಬಂದೀತೆಂಬ ಅಳುಕೂ ಇದೆ. ಕೊನೆಗೆ ನಲೊಕ್ಸೋನ್ ಬೇಕಾಗುವುದಿಲ್ಲ. ಬೆಳಗಿನ ಹೊತ್ತಿಗೆ ಉಸಿರು ಹದಿನಾಲ್ಕು.

ಮನೆಗೆ ಬಂದ ಮೇಲೆ ನೋವಿಗೆ ಬರೀ ಪ್ಯಾರಾಸಿಟಮಾಲು, ಲೆಕ್ಕ ಹಾಕಿದ್ದು; ದಿಂಬಿನ ಮೇಲೆತ್ತಿಟ್ಟ ಕೈ. ನಿದ್ದೆಗುಳಿಗೆಯನ್ನು ಅವಳಾಗಿಯೇ ತಟ್ಟನೆ ಬಿಡಬಾರದು, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಉಳಿದ ಟ್ರಮಡಾಲ್ ಪಟ್ಟಿ ಮೇಜಿನ ಮೇಲೆ ಬಿದ್ದಿರುತ್ತದೆ, ಪಕ್ಕದ ಮನೆಯ ಪಿನ್ನಿಯ ಕಣ್ಣು ಅದರ ಮೇಲೆ.

"ಓ ರೆಂಡು ಇಯ್ಯಮ್ಮಾ. ನಡುಮು ನೊಪ್ಪಿ."

ಸೊಂಟ ನೋವಂತೆ, ಎರಡು ಗುಳಿಗೆ ಬೇಕಂತೆ. ಅಮ್ಮನನ್ನು ಆಸ್ಪತ್ರೆಗೆ ಹೊತ್ತೊಯ್ದ ರಾತ್ರಿ ಮೆಟ್ಟಿಲಲ್ಲಿ ಟಾರ್ಚು ಹಿಡಿದವಳು ಇವಳೇ. ಇಲ್ಲ ಎನ್ನುವುದು ಹೇಗೆ? "ಬೇರೆ ಏನು ಗುಳಿಗೆ ತಗೋತೀರಿ ಪಿನ್ನಿ?" ಎಂದು ಕೇಳಿ. ಗೊಣಗುತ್ತ ಡಬ್ಬಿ ತರುತ್ತಾಳೆ. ಬಿ.ಪಿ.ಯದು, ಗ್ಯಾಸಿನದು, ಮತ್ತೆ ಎಸ್ಸಿಟಾಲೋಪ್ರಾಂ, "ಮನಸ್ಸಿಗೆ" ಕೊಟ್ಟದ್ದಂತೆ. ಟ್ರಮಡಾಲಿನ ಜೊತೆ ಅದು ಸೇರಿದರೆ ಫಿಟ್ಸ್ ಬರಬಹುದು, ಮೈ ಕಾದು ನಡುಗಬಹುದು.

ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ, ಮನೆಯಲ್ಲಿ ಉಳಿಸದೆ ಕಕ್ಕಸಿಗೆ ಹಾಕಿ ನೀರು ಬಿಡಬೇಕೆಂದ ಹದಿನೇಳು ಔಷಧಿಗಳಲ್ಲಿ ಟ್ರಮಡಾಲೂ ಒಂದು. ಪಿನ್ನಿ ನೋಡುತ್ತಿರುವಂತೆಯೇ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿ ಹಾಕುತ್ತೀರಿ.

"ದುಡ್ಡು ಕೊಟ್ಟು ತಂದದ್ದು!" ಎಂದು ಅವಳು ತೆಲುಗಿನಲ್ಲಿ ಬೈಯುತ್ತಾಳೆ. ಬೈಯಲಿ. ಸಂಜೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಡಬ್ಬಿಯ ಸಮೇತ.