ಮರಳಿನ ಬಣ್ಣದ ಬೇಟೆಗಾರ

ನೊಣ ಎಂದರೆ ನಮಗೆ ನೆನಪಾಗುವುದು ಹಲಸಿನ ತೊಳೆ, ಬೆಲ್ಲದ ಡಬ್ಬಿ, “ಥೂ!” ಎಂದು ಕೈಬೀಸುವ ಅಮ್ಮ. ಆದರೆ ನೊಣಗಳ ಕುಲದಲ್ಲಿ ಹುಲಿಯಂಥ ಬೇಟೆಗಾರರೂ ಇದ್ದಾರೆ, ಮಕ್ಕಳೇ. ಅಂಥ ಒಂದನ್ನು ನಾನು ನೋಡಿದ್ದು ಇಂಗ್ಲೆಂಡಿನ ಫಾರ್ಮ್‌ಬಿ ಕಡಲತೀರದಲ್ಲಿ.

ಲಿವರ್‌ಪೂಲಿನ ಮಗಳ ಮನೆಗೆ ಹೋಗಿದ್ದೆ. ಜುಲೈ ತಿಂಗಳ ಒಂದು ಬಿಸಿಲಿನ ದಿನ ಮೊಮ್ಮಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಕಡಲಗಾಳಿ ಗುಡ್ಡೆ ಹಾಕಿದ ಮರಳ ದಿಬ್ಬಗಳು, ಅವುಗಳ ಮೇಲೆ ಚೂಪು ಹುಲ್ಲು.

“ಅಜ್ಜೀ, ನಿಲ್ಲು! ಅಲ್ಲಿ ಕಾಲಿಡಬೇಡ!”

ನನಗೆ ಕಂಡದ್ದು ಬರೀ ಮರಳು. ಬಗ್ಗಿ ನೋಡಿದರೆ ಮರಳಿನದೇ ಬಣ್ಣದ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ನೊಣ! ಅಲ್ಲಿನವರು ಇದನ್ನು ‘ಡ್ಯೂನ್ ರಾಬರ್‌ಫ್ಲೈ’ ಎನ್ನುತ್ತಾರೆ. ಅಂದರೆ ಮರಳ ದಿಬ್ಬದ ದರೋಡೆ ನೊಣ. ವೈಜ್ಞಾನಿಕ ಹೆಸರು ಫಿಲೋನಿಕಸ್ ಆಲ್ಬಿಸೆಪ್ಸ್. “ಆಲ್ಬಿಸೆಪ್ಸ್ ಅಂದರೆ ಬಿಳಿತಲೆಯದು. ನಿನ್ನ ಹಾಗೆ!” ಎಂದು ಮೊಮ್ಮಗ ನಕ್ಕ.

ಅಷ್ಟರಲ್ಲಿ ಅದು ಚಂಗನೆ ಎದ್ದು, ಹಾರುತ್ತಿದ್ದ ಸಣ್ಣ ನೊಣವೊಂದನ್ನು ಗಾಳಿಯಲ್ಲೇ ಹಿಡಿದು ಮರಳಿಗಿಳಿಯಿತು. ಬೇಟೆಯನ್ನು ಮುಳ್ಳುಗಾಲುಗಳಲ್ಲಿ ಅವುಚಿಕೊಂಡು, ಸೂಜಿಯಂಥ ಬಾಯಿ ಚುಚ್ಚಿ ಜೊಲ್ಲು ಬಿಡುವುದು ಇದರ ಕ್ರಮ. ಆ ಜೊಲ್ಲಿಗೆ ಬೇಟೆ ಮರಗಟ್ಟುತ್ತದೆ, ಅದರ ಒಳಗಿನದೆಲ್ಲ ಕರಗಿ ನೀರಾಗುತ್ತದೆ. ಆಮೇಲೆ ನಾವು ಎಳನೀರು ಹೀರಿದ ಹಾಗೆ ಹೀರುವುದಷ್ಟೇ! ಮುಖದ ಮೇಲೆ ಒರಟು ಕೂದಲಿನ ಗಿರಿಜಾ ಮೀಸೆ ಬೇರೆ. ಅದು ಅಂದಕ್ಕಲ್ಲ, ಒದ್ದಾಡುವ ಬೇಟೆಯಿಂದ ಮುಖಕ್ಕೆ ಪೆಟ್ಟಾಗದಿರಲಿ ಎಂದು.

ಹೆಣ್ಣು ನೊಣ ಹೊಟ್ಟೆಯ ತುದಿಯನ್ನು ಮರಳಿಗೆ ಊರಿ ಮೊಟ್ಟೆ ಇಡುತ್ತದೆ. ಮರಳು ತೋಡಲೆಂದೇ ಆ ತುದಿಯಲ್ಲಿ ಪುಟ್ಟ ಮುಳ್ಳುಗಳ ಸುತ್ತು ಇದೆ. ಮರಿಹುಳು ಬೆಳೆಯುವುದೂ ಮರಳಿನೊಳಗೇ.

ಆದರೆ ಆ ಬಯಲು ಮರಳೇ ಈಗ ಕಡಿಮೆಯಾಗುತ್ತಿದೆ. ಮರಳು ಹಾರಿಹೋಗದಿರಲಿ ಎಂದು ಹಿಂದಿನವರು ಅಲ್ಲಿ ಹುಲ್ಲನ್ನೂ ಪೈನ್ ಮರಗಳನ್ನೂ ನೆಟ್ಟರು. ಬ್ರಿಟನ್ನಿನ ಎಷ್ಟೋ ದಿಬ್ಬಗಳನ್ನು ಹಸಿರು ಮುಚ್ಚಿಬಿಟ್ಟಿದೆ. ಈಗ ಕೆಲವು ಕಡೆ ಹುಲ್ಲು, ಪೊದೆ ಕಿತ್ತು ಮತ್ತೆ ಮರಳನ್ನು ಬಯಲು ಮಾಡುತ್ತಿದ್ದಾರೆ.

“ಹಸಿರನ್ನು ಕೀಳುವುದೇನೋ?” ಎಂದು ಕೇಳಿದೆ.

“ಎಲ್ಲರಿಗೂ ಹಸಿರೇ ಮನೆಯಲ್ಲ ಅಜ್ಜಿ. ಇದಕ್ಕೆ ಮರಳೇ ಮನೆ” ಎಂದ.

ಪ್ರಪಂಚದಲ್ಲಿ 7,000ಕ್ಕೂ ಹೆಚ್ಚು ಬಗೆಯ ದರೋಡೆ ನೊಣಗಳಿವೆ. ನಮ್ಮೂರಿನ ಹೊಲ, ಹಿತ್ತಲುಗಳಲ್ಲೂ ಈ ಬಳಗದವರಿದ್ದಾರೆ. ಕಡ್ಡಿಯ ತುದಿಯಲ್ಲಿ ಮೀಸೆ ಹೊತ್ತು ಕಾದು ಕುಳಿತ ನೊಣ ಕಂಡರೆ ಅಜ್ಜ, ಅಜ್ಜಿಯನ್ನು ಕೂಗಿ ತೋರಿಸಿ. ತಾನಾಗಿ ಅದು ನಮ್ಮ ತಂಟೆಗೆ ಬರುವುದಿಲ್ಲ. ಕೈಯಲ್ಲಿ ಮಾತ್ರ ಹಿಡಿಯಬೇಡಿ, ಚುಚ್ಚೀತು!