ಅಂಕಪಟ್ಟಿಗೆ ಸಿಗದ ಆಟ

ಯಾವ ಆಟಗಾರ ಯಾರಿಗಿಂತ ದೊಡ್ಡವನು ಎಂಬ ಚರ್ಚೆಯನ್ನು ಕಾಲಹರಣವೆಂದು ತಳ್ಳಿಹಾಕುವುದು ವಾಡಿಕೆಯಾದರೂ, ನೋಡುವ ಜನ ಆಟದಲ್ಲಿ ಯಾವ ಗುಣಕ್ಕೆ ಬೆಲೆ ಕೊಡುತ್ತಾರೆ ಎಂಬುದು ಬಯಲಾಗುವುದು ಇಂಥ ಚರ್ಚೆಯಲ್ಲೇ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಿರುವ ಆನೇಕಲ್ ತಾಲ್ಲೂಕಿನಲ್ಲಿ, ಪಾಳಿ ಮುಗಿಸಿದವರು ಟೀ ಅಂಗಡಿಯ ಮುಂದೆ ನಿಂತು ನಡೆಸುವ ಕಬಡ್ಡಿ ವಾದಕ್ಕೂ ಈ ಮಾತು ಸಲ್ಲುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ಪ್ರತಿ ಆಟಗಾರನ ಅಂಕಗಳೂ ಎಲ್ಲರ ಕಣ್ಣಿಗೆ ಬೀಳತೊಡಗಿದ ಮೇಲೆ ಈ ವಾದಕ್ಕೆ ಸಂಖ್ಯೆಗಳ ಬಲ ಬಂದಿತು. ಆದರೆ ಆ ಸಂಖ್ಯೆಗಳು ಏನನ್ನು ಬಿಟ್ಟುಬಿಡುತ್ತವೆ ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ.

ಪವನ್ ಸೆಹ್ರಾವತ್ ಪರ ವಾದಿಸುವವರು 2019ರ ಜನವರಿ 5ರ ಫೈನಲ್ ಪಂದ್ಯವನ್ನು ನೆನೆಯುತ್ತಾರೆ. ಅಂದು ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಬೆಂಗಳೂರು ಬುಲ್ಸ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ, 38ರಲ್ಲಿ 22 ಅಂಕ ಅವರೊಬ್ಬರವೇ ಆಗಿದ್ದವು. ಪ್ರದೀಪ್ ನರ್ವಾಲ್ ಅಭಿಮಾನಿಗಳು 2017ರ ಆವೃತ್ತಿಯ 369 ರೈಡ್ ಅಂಕಗಳನ್ನು, ಅಂದರೆ ಎದುರಾಳಿಯ ಅಂಗಣಕ್ಕೆ ನುಗ್ಗಿ ಗಳಿಸಿದ ಅಂಕಗಳನ್ನು, ಮುಂದಿಡುತ್ತಾರೆ. ಆ ವರ್ಷ ತಂಡಗಳು 8ರಿಂದ 12ಕ್ಕೆ ಏರಿ ಪಂದ್ಯಗಳೂ ಹೆಚ್ಚಿದ್ದರಿಂದ, ಒಟ್ಟು ಮೊತ್ತಕ್ಕಿಂತ ಪಂದ್ಯಕ್ಕೆ 14ರಷ್ಟಿದ್ದ ಸರಾಸರಿಯೇ ಹೋಲಿಕೆಗೆ ಹೆಚ್ಚು ಒದಗುತ್ತದೆ.

ಹೀಗೆ ನುಗ್ಗುವ ರೈಡರ್‌ನನ್ನು ಹಿಡಿಯುವ ಡಿಫೆಂಡರ್‌ಗಳನ್ನು ಅಳೆಯುವುದು ಇನ್ನೂ ಕಷ್ಟ. ಅಂಗಣದಲ್ಲಿ ಆರು ಅಥವಾ ಏಳು ಡಿಫೆಂಡರ್‌ಗಳಿರುವಾಗ, ರೈಡರ್ ಒಂದು ಕಾಲನ್ನು ಬೋನಸ್ ಗೆರೆಯಾಚೆ ಊರಿ ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಅವನಿಗೆ ಒಂದು ಅಂಕ. ಅವನ ಪಾದ ಗೆರೆಯತ್ತ ಚಾಚಿದೊಡನೆ, ಕಾರ್ನರ್, ಅಂದರೆ ಅಂಗಣದ ಅಂಚನ್ನು ಕಾಯುವ ಆಟಗಾರ, ಮೊಣಕಾಲು ಬಗ್ಗಿಸಿ ಅರ್ಧ ಹೆಜ್ಜೆ ಮುಂದೆ ಬರುತ್ತಾನೆ. ಹರಡು ಸಿಕ್ಕಿಬಿದ್ದೀತೆಂಬ ಅಳುಕಿನಿಂದ ರೈಡರ್ ಕಾಲು ಹಿಂದೆಗೆಯುತ್ತಾನೆ, 30 ಸೆಕೆಂಡು ಮುಗಿಯುತ್ತದೆ, ಯಾರ ಲೆಕ್ಕಕ್ಕೂ ಏನೂ ಸೇರುವುದಿಲ್ಲ. ಹೀಗೆ ಒಂದು ತಂಡದ ಎರಡು ರೈಡ್‌ಗಳು ಸತತವಾಗಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ಆಗ ಅವನನ್ನು ಬೇರೊಬ್ಬ ಡಿಫೆಂಡರ್ ಹಿಡಿದರೆ ಅಂಕ ಹಿಡಿದವನದಾಗುತ್ತದೆ, ಅದಕ್ಕೆ ದಾರಿ ಮಾಡಿದ ಕಾರ್ನರ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪಂದ್ಯದಲ್ಲಿ ಹತ್ತು ರೈಡ್ ಅಂಕ ಗಳಿಸುವುದನ್ನು ಸೂಪರ್ ಟೆನ್ ಎಂದೂ ಐದು ಟ್ಯಾಕಲ್, ಅಂದರೆ ಹಿಡಿತದ, ಅಂಕ ಗಳಿಸುವುದನ್ನು ಹೈ ಫೈವ್ ಎಂದೂ ಕೊಂಡಾಡುವ ಲೀಗ್, ಹಿಡಿತದ ಅಂಕ ಎಷ್ಟು ಅಪರೂಪವೆಂಬುದನ್ನು ತಾನೇ ಒಪ್ಪಿಕೊಂಡಂತಿದೆ. ಆದ್ದರಿಂದ ಟ್ಯಾಕಲ್ ಪಟ್ಟಿಯ ಮುಂಚೂಣಿಯಲ್ಲಿರುವ ಇರಾನಿನ ಫಜಲ್ ಅತ್ರಾಚಲಿಯನ್ನು ನರ್ವಾಲ್ ಜೊತೆ ಅಂಕಕ್ಕೆ ಅಂಕವಿಟ್ಟು ತೂಗುವುದು ನ್ಯಾಯವಲ್ಲ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಈ ತೊಡಕನ್ನು ಬಹಳ ಹಿಂದೆಯೇ ಕಂಡಿತ್ತು. 1961–62ರಲ್ಲಿ ವಿಲ್ಟ್ ಚೇಂಬರ್‌ಲೇನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರೂ, ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರನೆಂದು ಸಹ ಆಟಗಾರರು ಮತ ಹಾಕಿ ಆರಿಸಿದ್ದು ಬಿಲ್ ರಸೆಲ್ ಅವರನ್ನು. ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿ ಹೆಸರಾಗಿದ್ದ ರಸೆಲ್ 13 ಆವೃತ್ತಿಗಳಲ್ಲಿ 11 ಪ್ರಶಸ್ತಿ ಗೆದ್ದು 1969ರಲ್ಲಿ ನಿವೃತ್ತರಾದರು. ಬ್ಯಾಸ್ಕೆಟ್‌ಬಾಲ್ ಲೀಗ್ ಅಂಥ ತಡೆಗಳನ್ನು ಎಣಿಸತೊಡಗಿದ್ದು 1973–74ರಲ್ಲಿ. ಅವರ ಅತಿ ದೊಡ್ಡ ಕೌಶಲಕ್ಕೆ ಅಧಿಕೃತ ಅಂಕಿಯೇ ಇಲ್ಲವಾದರೂ, ಎದುರು ನಿಂತು ಆಡಿದವರಿಗೆ ಅದರ ತೂಕ ಗೊತ್ತಿತ್ತು.

ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಸಿ. ಹೊನ್ನಪ್ಪ ಮತ್ತು ಬಿ.ಸಿ. ರಮೇಶ್ ಅವರ ಸ್ಥಿತಿಯೂ ಇದೇ, ಏಕೆಂದರೆ ಇಬ್ಬರೂ ಆಡಿ ಹೆಸರಾದದ್ದು ಕಬಡ್ಡಿ ಲೀಗ್ ಹುಟ್ಟುವ ಮೊದಲು. ಇಂದಿನ ಪಟ್ಟಿಯನ್ನೇ ಪ್ರಮಾಣವಾಗಿಟ್ಟುಕೊಂಡರೆ, ಮುಂದೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ರಮೇಶ್, ಆಟಗಾರನಾಗಿ ಇರಲೇ ಇಲ್ಲವೆಂದು ಹೇಳಿದಂತಾದೀತು.

ಆದ್ದರಿಂದ ಶ್ರೇಯಾಂಕದ ವಾದ ನಿಲ್ಲಬೇಕಾಗಿಲ್ಲ, ಅದು ಇನ್ನಷ್ಟು ಎಚ್ಚರದಿಂದ ನಡೆಯಬೇಕು: ರೈಡರ್‌ಗಳನ್ನು ರೈಡರ್‌ಗಳೊಡನೆ, ಕಾರ್ನರ್‌ಗಳನ್ನು ಕಾರ್ನರ್‌ಗಳೊಡನೆ, ಅವರವರ ಕಾಲದ ನಿಯಮಗಳೊಳಗೆ ಇಟ್ಟು ನೋಡಬೇಕು, ಅಂಕಿ ಮುಗಿದಲ್ಲಿ ಜೊತೆಗೆ ಆಡಿದವರ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಕು. ದೊಡ್ಡವರು ರೈಡರ್‌ನನ್ನೇ ಹೊಗಳುತ್ತಿದ್ದರೆ ಶಾಲೆಯ ಮೈದಾನದಲ್ಲಿ ಪ್ರತಿ ಮಗುವೂ ರೈಡರ್ ಆಗಲು ಹೊರಡುತ್ತದೆ, ಅಂಚು ಕಾಯಲು ಯಾರೂ ಉಳಿಯುವುದಿಲ್ಲ. ಟೀ ಅಂಗಡಿಯ ವಾದದಲ್ಲಿ ಕಾರ್ನರ್‌ನ ಹೆಸರೂ ಕೇಳಿಬಂದರೆ ಅದರಿಂದ ಆಟಕ್ಕೇ ಲಾಭ.