ರಾಯರ ಕಾರಿನ ನಡುಕ

ಮನುಷ್ಯನಿಗೆ ನಡುಕ ಬಂದರೆ ಮನೆಯವರು ಕಂಬಳಿ ಹೊದಿಸುತ್ತಾರೆ. ಕಾರಿಗೆ ನಡುಕ ಬಂದರೆ ಮನೆಯವರೇ ನಡುಗಬೇಕಾಗುತ್ತದೆ. ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆಯಲ್ಲಿ ವಾಸವಾಗಿರುವ ರಾಯರ ಸಂಸಾರಕ್ಕೆ ಇಂಥದೊಂದು ಕಾಲ ಒದಗಿತ್ತು. ರಾಯರು ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಅವರ ಸಣ್ಣ ಕಾರಿಗೂ ಈಚೆಗೆ ಹದಿನೈದು ವರ್ಷ ತುಂಬಿ, ನೋಂದಣಿಯ ನವೀಕರಣವಾಗಿ, ಮತ್ತೈದು ವರ್ಷ ರಸ್ತೆಯಲ್ಲಿ ಓಡಾಡುವ ಅಪ್ಪಣೆ ದೊರೆತಿತ್ತು. ಯಜಮಾನರಿಗೆ ವಿಶ್ರಾಂತಿ, ವಾಹನಕ್ಕೆ ಸೇವಾವಧಿಯ ವಿಸ್ತರಣೆ!

ನಡುಕ ಮೊದಲು ಕಾಣಿಸಿಕೊಂಡದ್ದು ಹೊಸೂರು ರಸ್ತೆಯಲ್ಲಿ. ಮುಂದೆ ಹೋಗುತ್ತಿದ್ದ ಬಸ್ಸು ನಿಂತಿತೆಂದು ರಾಯರು ಬ್ರೇಕನ್ನು ತುಳಿದಾಗ, ಕೈಯಲ್ಲಿದ್ದ ಸ್ಟೀರಿಂಗು ಚಳಿಜ್ವರ ಬಂದವರ ಕೈಯಂತೆ ಅದುರಿತು. ಪಾದದ ಕೆಳಗಿನ ಪೆಡಲು ಪುಟಪುಟನೆ ಬಡಿದುಕೊಂಡಿತು. ಹಿಂದೆ ಕುಳಿತಿದ್ದ ಮಗಳು, “ಅಪ್ಪಾ, ಇದೇನಿದು!” ಎಂದಳು. ಎರಡು ವರ್ಷದ ಮೊಮ್ಮಗನು ಮಾತ್ರ ಇನ್ನೊಮ್ಮೆ ಹಾಗೆ ಮಾಡಬೇಕೆಂದು ಹಟ ಹಿಡಿದನು.

ಬೇರೆ ಕಾಲದಲ್ಲಾಗಿದ್ದರೆ ರಾಯರು ಅಷ್ಟು ಚಿಂತಿಸುತ್ತಿರಲಿಲ್ಲವೇನೋ. ಆದರೆ ಮುಂದಿನ ವಾರವೇ ಧರ್ಮಸ್ಥಳಕ್ಕೆ ಪ್ರಯಾಣ ನಿಶ್ಚಯವಾಗಿತ್ತು. ಮೊಮ್ಮಗನ ಮುಡಿ ಒಪ್ಪಿಸುವ ಹರಕೆ. ದಾರಿಯಲ್ಲಿ ಮೂಡಿಗೆರೆಯ ನಾದಿನಿಯ ಮನೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವುದೆಂದು ತೀರ್ಮಾನ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ಹಾವಿನಂತೆ ಸುತ್ತಿ ಇಳಿಯುವ ದಾರಿ. ಅಲ್ಲಿ ಮನುಷ್ಯನು ದೇವರನ್ನು ನಂಬುವಷ್ಟೇ ಬ್ರೇಕನ್ನೂ ನಂಬಬೇಕು.

ಮರುದಿನ ಮುಂಜಾನೆ ಲಾಲ್‌ಬಾಗಿನ ಬಂಡೆಯ ಮೇಲೆ ಸಭೆ ಸೇರಿತು. ಮುನ್ನೂರು ಕೋಟಿ ವರ್ಷಗಳಿಂದ ಅಲುಗದೆ ಕುಳಿತಿರುವ ಆ ಬಂಡೆಯ ಮೇಲೆ ಅಲುಗುವ ಕಾರಿನ ವಿಚಾರ ಸಾಂಗವಾಗಿ ನಡೆಯಿತು. ಟೈರು ಉಬ್ಬಿದೆಯೆಂದು ಒಬ್ಬರು ಹೇಳಿದರು. ಚಕ್ರದ ಬ್ಯಾಲೆನ್ಸು ತಪ್ಪಿದೆಯೆಂದು ಮತ್ತೊಬ್ಬರು. ಸ್ವಂತ ಕಾರಿಲ್ಲದ ಮೂರನೆಯವರು, ಅದನ್ನು ಒಡನೆಯೇ ಮಾರಿಬಿಡುವುದು ಕ್ಷೇಮವೆಂದು ಅತ್ಯಂತ ದೃಢವಾಗಿ ನುಡಿದರು. ನಮ್ಮ ದೇಶದಲ್ಲಿ ಜ್ವರಕ್ಕೂ ಕಾರಿಗೂ ಮದ್ದು ಹೇಳದ ಮನುಷ್ಯನಿಲ್ಲ.

ಮನೆಯಲ್ಲಿಯೂ ಒಬ್ಬರು ಒಂದು ಮಾತನ್ನು ಹೇಳುತ್ತಿದ್ದರು. ಅದನ್ನು ಮಾತ್ರ ರಾಯರು ಕಿವಿಗೆ ಹಾಕಿಕೊಂಡಿರಲಿಲ್ಲ.

“ಏನೂಂದ್ರೆ, ನಿಮ್ಮ ಕಾರು ರಂಗೋಲಿ ಕೆಡಿಸ್ತಾ ಇದೆ” ಎಂದು ಅವರ ಮಡದಿ ತಿಂಗಳಲ್ಲಿ ಮೂರು ಸಲ ಹೇಳಿದ್ದರು. ರಾತ್ರಿ ಕಾರು ಗೇಟಿನ ಪಕ್ಕದಲ್ಲಿ, ಎಡಗಡೆಯ ಹಿಂದಿನ ಚಕ್ರ ರಂಗೋಲಿಯ ಜಾಗಕ್ಕೆ ತಗಲುವಂತೆ ನಿಲ್ಲುತ್ತಿತ್ತು. ಬೆಳಿಗ್ಗೆ ನೋಡಿದರೆ ಆ ಚಕ್ರದ ಬಳಿ ಅಂಗೈಯಗಲ ತೇವ. ಅಲ್ಲಿ ಎಳೆ ಬಿಟ್ಟರೆ ಪುಡಿ ಮುದ್ದೆಯಾಗುತ್ತಿತ್ತು.

“ಎಂಜಿನ್ ಆಯಿಲ್ ಇರಬೇಕು, ಹಳೇ ಕಾರು” ಎಂದರು ರಾಯರು.

“ಆಯಿಲ್ ಅಲ್ಲ. ಹಿಂದೆ ನಿಮ್ಮ ಸ್ಕೂಟರು ಸುರಿಸ್ತಿತ್ತಲ್ಲ, ಅದಕ್ಕೆ ನೀರು ಹಾಕಿದರೆ ಕಾಮನಬಿಲ್ಲಿನ ಹಾಗೆ ಬಣ್ಣ ತೇಲ್ತಿತ್ತು. ಎಷ್ಟು ಉಜ್ಜಿದರೂ ಕಲೆ ಹೋಗ್ತಿರಲಿಲ್ಲ. ಇದು ಜಾರುತ್ತೆ, ಆದರೆ ಒಂದು ಚೊಂಬು ನೀರಿಗೆ ಪೂರ್ತಿ ತೊಳೆದುಹೋಗುತ್ತೆ.”

ರಾಯರು ಪತ್ರಿಕೆಯ ಪುಟ ತಿರುಗಿಸಿದರು.

ಮೋಟಾರು ವಾಹನದ ಚರಿತ್ರೆಯನ್ನು ಬಲ್ಲವರು ಹೀಗೆ ಪುಟ ತಿರುಗಿಸುವುದಿಲ್ಲ. ೧೮೮೮ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡನಿಗೆ ಹೇಳದೆ, ಆತನು ನಿರ್ಮಿಸಿದ ಮೂರು ಚಕ್ರದ ಮೋಟಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮಿನ ತವರಿಗೆ, ನೂರಕ್ಕೂ ಹೆಚ್ಚು ಕಿಲೋಮೀಟರು ದೂರ, ಹೊರಟುಬಿಟ್ಟಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದಾಗ ದಾರಿಯ ಮೋಚಿಯೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳು. ಇಂದಿನ ಬ್ರೇಕ್ ಲೈನರಿನ ಪೂರ್ವಜ ಆ ಚರ್ಮದ ತುಂಡೇ.

ರಾಯರು ಕೊನೆಗೆ ಕಾರನ್ನು ಬಡಾವಣೆಯ ಹಳೆಯ ಗ್ಯಾರೇಜಿಗೆ ಒಯ್ದರು. ಅಲ್ಲಿಯ ಮೇಸ್ತ್ರಿ ಮಿತಭಾಷಿ. ಸಲಕರಣೆಗೆ ಕೈಹಾಕುವ ಮೊದಲು ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುವಂತೆ ಪ್ರಶ್ನೆಗಳನ್ನು ಕೇಳಿದನು. ನಡುಕ ಯಾವಾಗಲೂ ಇರುವುದೋ, ಬ್ರೇಕ್ ತುಳಿದಾಗ ಮಾತ್ರವೋ? ತುಳಿಯದೆ ವೇಗದಲ್ಲಿ ಹೋಗುವಾಗಲೂ ನಡುಗಿದರೆ ದೋಷ ಟೈರಿನದೋ ಬ್ಯಾಲೆನ್ಸಿನದೋ ಆಗಿರಬಹುದು. ತುಳಿದಾಗ ಮಾತ್ರವಾದರೆ ಬ್ರೇಕಿನದೇ. ಅದುರುವುದು ಸ್ಟೀರಿಂಗೋ, ಕುಳಿತ ಸೀಟೋ? ಸ್ಟೀರಿಂಗಾದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಾದರೆ ಹಿಂದಿನದು. ಆಮೇಲೆ ಜನಸಂಚಾರವಿಲ್ಲದ ರಸ್ತೆಯಲ್ಲಿ ತಾನೇ ಓಡಿಸಿ, ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವ ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆದು ನೋಡಿದನು. ನಡುಕವಿಲ್ಲ. ಪೆಡಲನ್ನು ತುಳಿದನು. ನಡುಕ ಬಂದಿತು.

“ಮುಂದಿನ ಡಿಸ್ಕು ಸಾರ್” ಎಂದನು.

ಚಕ್ರವನ್ನು ಬಿಚ್ಚಿ, ಡಿಸ್ಕಿನ ಅಂಚಿಗೆ ಡಯಲ್ ಗೇಜನ್ನು ತಾಗಿಸಿ ಮೆಲ್ಲನೆ ತಿರುಗಿಸಿದಾಗ ಮುಳ್ಳು ಅತ್ತಿತ್ತ ಓಲಾಡಿತು. ಮೈಕ್ರೋಮೀಟರಿನಿಂದ ಸುತ್ತಲೂ ಅಳೆದಾಗ ದಪ್ಪ ಒಂದೊಂದು ಕಡೆ ಒಂದೊಂದು ಬಗೆ. ವ್ಯತ್ಯಾಸವೇನು ಮಹಾ! ಮಿಲಿಮೀಟರಿನ ಕೆಲವೇ ನೂರನೆಯ ಭಾಗ, ತಲೆಗೂದಲಿಗಿಂತ ತೆಳು. ಆದರೆ ದಪ್ಪನೆಯ ಭಾಗ ಬಂದಾಗಲೆಲ್ಲ ಪ್ಯಾಡು ಹಿಂದಕ್ಕೆ ತಳ್ಳಲ್ಪಟ್ಟು, ಆ ತಳ್ಳು ಕೊಳವೆಯ ದ್ರವದ ಮೂಲಕ ನೇರವಾಗಿ ಪಾದಕ್ಕೆ ಮುಟ್ಟುತ್ತದೆ. ಬಾಡಿಗೆಯ ಮನೆಯಲ್ಲಿ ಮೇಲಿನವರು ರುಬ್ಬಿದರೆ ಕೆಳಗಿನವರ ಲೋಟ ಅದುರುವಂತೆ. ಕೆಲವು ಸಾವಿರ ಕಿಲೋಮೀಟರಿನ ಹಿಂದೆ ಪಂಕ್ಚರ್ ಅಂಗಡಿಯಲ್ಲಿ ಚಕ್ರದ ನಟ್ಟುಗಳನ್ನು ಒಂದನ್ನು ಬಿಗಿಯಾಗಿ, ಒಂದನ್ನು ಸಡಿಲವಾಗಿ ಸಿಕ್ಕಂತೆ ತಿರುಗಿಸಿದ್ದರು. ಎದುರುಬದುರಾಗಿ ಸಮನಾಗಿ ಬಿಗಿಯದಿದ್ದರೆ ಡಿಸ್ಕು ವಾಲಿಕೊಂಡು ತಿರುಗುತ್ತದೆ. ವಾಲಿದ ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ತಗಲಿ ಸವೆಯುತ್ತದೆ. ಜನರು ಇದನ್ನು ಡಿಸ್ಕು ಸೊಟ್ಟಗಾಗಿದೆ ಎನ್ನುವುದುಂಟು. ನಿಜಕ್ಕೂ ಅದು ಸೊಟ್ಟಗಾಗುವುದಕ್ಕಿಂತ ಅಸಮವಾಗುವುದೇ ಹೆಚ್ಚು.

“ಅಪಾಯವೇನಪ್ಪ?” ಎಂದರು ರಾಯರು.

“ಹಾಗೇ ಬಿಡಬಾರದು. ಆದರೆ ನಡುಗಿದರೂ ಗಾಡಿ ನಿಲ್ಲುತ್ತೆ ಸಾರ್. ಲೇತಿಗೆ ಕೊಡುವಷ್ಟು ದಪ್ಪ ಉಳಿದಿಲ್ಲ, ಹೊಸ ಡಿಸ್ಕು ಹಾಕೋಣ.”

ರಾಯರ ಎದೆಯ ಭಾರ ಇಳಿಯಿತು. ಜೆ. ಸಿ. ರಸ್ತೆಯಿಂದ ಡಿಸ್ಕನ್ನೂ ಪ್ಯಾಡನ್ನೂ ತರಿಸಿದರೆ ಮುಗಿಯಿತು, ಘಾಟಿಯೇನು ಹಿಮಾಲಯವನ್ನೂ ಇಳಿಯಬಹುದೆಂದು ಅವರು ಏಳುವುದರಲ್ಲಿದ್ದರು. ಅಷ್ಟರಲ್ಲಿ ಮೇಸ್ತ್ರಿ ಬಾನೆಟ್ಟಿನೊಳಗೆ ಬ್ರೇಕ್ ಆಯಿಲಿನ ಚಿಕ್ಕ ಡಬ್ಬಿಯನ್ನು ಇಣುಕಿ ನೋಡಿದನು. ದ್ರವ ಕಪ್ಪಾಗಿತ್ತು, ಕೆಳಗಿನ ಗೆರೆಯನ್ನು ಮುಟ್ಟುವುದರಲ್ಲಿತ್ತು.

“ಇದಕ್ಕೆ ಯಾವಾಗಲಾದರೂ ತುಂಬಿದಿರಾ ಸಾರ್?”

“ಎರಡು ಸಲ!” ಎಂದರು ರಾಯರು, ಜವಾಬ್ದಾರಿಯುಳ್ಳ ಯಜಮಾನನ ಹೆಮ್ಮೆಯಿಂದ. “ತಿರುವಿನಲ್ಲಿ ಕೆಂಪು ದೀಪ ಹತ್ತಿ ಆರುತ್ತಿತ್ತು. ಹ್ಯಾಂಡ್‌ಬ್ರೇಕಿನ ಸ್ವಿಚ್ಚು ಕೆಟ್ಟಿರಬೇಕೆಂದುಕೊಂಡೆ. ಆದರೂ ಇರಲಿ ಅಂತ ಮನೆಯಲ್ಲಿದ್ದ ಬಾಟಲಿಯಿಂದ ತುಂಬಿದೆ.”

ಮೇಸ್ತ್ರಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ರಾತ್ರಿ ಗಾಡಿ ನಿಲ್ಲಿಸೋ ಜಾಗದಲ್ಲಿ ತೇವ ಇರುತ್ತಾ?” ಎಂದು ಕೇಳಿದನು.

ರಾಯರಿಗೆ ಮುದ್ದೆಯಾದ ರಂಗೋಲಿ ಕಣ್ಣಿಗೆ ಕಟ್ಟಿತು.

ಎಡಗಡೆಯ ಹಿಂದಿನ ಚಕ್ರವನ್ನೂ ಡ್ರಮ್ಮನ್ನೂ ಬಿಚ್ಚಿದಾಗ ಒಳಗೆಲ್ಲ ಒದ್ದೆ. ವೀಲ್ ಸಿಲಿಂಡರಿನ ರಬ್ಬರು ಸವೆದು, ದ್ರವ ಹನಿಹನಿಯಾಗಿ ಒಸರಿ, ಬ್ರೇಕ್ ಶೂವಿನ ಲೈನರು ಎಣ್ಣೆಯಲ್ಲಿ ಅದ್ದಿದ ಬತ್ತಿಯಂತಾಗಿತ್ತು. ಹಿಡಿಯಬೇಕಾದುದು ಜಾರುತ್ತಿತ್ತು. ಅದು ನಡುಗಿರಲಿಲ್ಲ, ಕಿರುಚಿರಲಿಲ್ಲ. ಒಂದು ದೀಪದಿಂದಲೂ ಒಂದು ಕಲೆಯಿಂದಲೂ ಮಾತ್ರ ತಿಳಿಸಿತ್ತು.

ಮುಚ್ಚಿಟ್ಟ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು ಫ್ರಾನ್ಸಿನ ಪಾಸ್ಕಲ್ ನಿರೂಪಿಸಿದನು. ಆ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, ೧೬೬೩ರಲ್ಲಿ. ಅದು ಕಾರಿನ ನಾಲ್ಕು ಚಕ್ರಗಳನ್ನು ತಲುಪಲು ೧೯೨೧ರ ಅಮೆರಿಕದ ಡ್ಯೂಸೆನ್‌ಬರ್ಗ್ ಬರಬೇಕಾಯಿತು. ಆದರೆ ತತ್ತ್ವ ನಡೆಯುವುದು ದ್ರವ ಮುಚ್ಚಿಟ್ಟಿರುವವರೆಗೆ. ಹೆಸರಿಗೆ ಬ್ರೇಕ್ ಆಯಿಲ್, ಜಾತಿಯಿಂದ ಅದು ಎಣ್ಣೆಯೇ ಅಲ್ಲ. ನೀರಿನೊಡನೆ ಕೂಡಿಕೊಳ್ಳುವ ಗ್ಲೈಕಾಲ್ ವರ್ಗದ ದ್ರವ. ಆದ್ದರಿಂದಲೇ ಒಂದು ಚೊಂಬು ನೀರಿಗೆ ತೊಳೆದುಹೋಗುತ್ತಿತ್ತು. ಆದ್ದರಿಂದಲೇ ಅದು ಗಾಳಿಯ ತೇವವನ್ನೂ ಕುಡಿಯುತ್ತದೆ. ಡಾಟ್ ಮೂರು ಎಂಬ ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತೇವ ಕುಡಿದ ಮೇಲೆ ೧೪೦ ಡಿಗ್ರಿ ಸಾಕಾದೀತು. ಘಾಟಿಯಲ್ಲಿ ತುಳಿದು ತುಳಿದು ಕಾದ ಬ್ರೇಕಿಗೆ ಆ ಕಾವು ದೂರವಲ್ಲ. ದ್ರವ ಕುದಿದು ಆವಿಯಾದರೆ ಪೆಡಲು ಹತ್ತಿಯ ಮೂಟೆಯಂತೆ ನೆಲಕ್ಕಿಳಿಯುತ್ತದೆ. ಕೊಳವೆಗಳು ಎರಡು ಕವಲಾಗಿರುವುದರಿಂದ ಒಂದು ಸೋತರೂ ಇನ್ನೊಂದು ಹಿಡಿಯುವುದೇನೋ ಉಂಟು. ಆದರೆ ಅರ್ಧ ಬ್ರೇಕಿನಲ್ಲಿ ಚಾರ್ಮಾಡಿ!

ರಾಯರು ತುಂಬಿದ ಬಾಟಲಿಯೋ ನಾಲ್ಕು ವರ್ಷದ ಹಿಂದೆ ಮುಚ್ಚಳ ತೆರೆದದ್ದು.

ಮೇಸ್ತ್ರಿ ಹೇಳುತ್ತ ಹೋದಂತೆ ರಾಯರ ಮುಖ ಚಿಕ್ಕದಾಯಿತು. ಪರರ ಖಜಾನೆಯ ಪುಸ್ತಕದಲ್ಲಿ ಎಂಟಾಣೆ ಕಡಿಮೆ ಬಂದರೆ ಅದು ಹೋದ ದಾರಿಯನ್ನು ಹುಡುಕದೆ ಊಟಕ್ಕೇಳದ ಮನುಷ್ಯ. ಕೊರತೆಯನ್ನು ಕೈಯಿಂದ ತುಂಬಿ ಲೆಕ್ಕ ಸರಿಯೆಂದು ತೋರಿಸಿದ ಎಷ್ಟು ಗುಮಾಸ್ತರಿಗೆ ಅವರು ಮೆಮೋ ಕೊಟ್ಟಿರಲಿಲ್ಲ!

ಎರಡು ದಿನ ಕೆಲಸ ಹಿಡಿಯಿತು. ಮುಂದೆ ಹೊಸ ಡಿಸ್ಕು, ಪ್ಯಾಡು. ಹಿಂದೆ ಎರಡೂ ಕಡೆ ಸಿಲಿಂಡರು, ಶೂ. ಹಳೆಯ ದ್ರವವನ್ನೆಲ್ಲ ಚೆಲ್ಲಿ ಹೊಸದನ್ನು ತುಂಬಿ, ಹುಡುಗನೊಬ್ಬ ಪೆಡಲು ಒತ್ತುತ್ತಿರಲು ಮೇಸ್ತ್ರಿ ಒಂದೊಂದೇ ಚಕ್ರದಲ್ಲಿ ಗಾಳಿಯ ಗುಳ್ಳೆ ನಿಲ್ಲುವ ತನಕ ಹೊರಬಿಟ್ಟನು. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿಯೇ ಇಳಿಯಬೇಕು, ಎಂಜಿನ್ನೇ ಹಿಡಿಯಲಿ, ಬ್ರೇಕಿಗೆ ಉಸಿರು ಬಿಡಲು ಹೊತ್ತು ಕೊಡಿ ಎಂದು ಹೇಳಿ ಕಳುಹಿಸಿದನು.

ಆ ಸಂಜೆ ರಾಯರು ಮಡದಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಆಕೆ ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿ, “ಮಗುವನ್ನ ಕೂರಿಸಿಕೊಂಡು ಇಳಿಯೋ ದಾರಿ ಅದು” ಎಂದಷ್ಟೇ ಹೇಳಿ ಮತ್ತೆ ತಲೆ ತಗ್ಗಿಸಿದರು. ರಾಯರಿಗೆ ಆ ರಾತ್ರಿ ಬೇಗ ನಿದ್ರೆ ಬರಲಿಲ್ಲ.

ಹೊರಡುವ ದಿನ ನಸುಕಿನಲ್ಲಿಯೇ ಅವರು ಟಾರ್ಚು ಹಿಡಿದು ಗೇಟಿನ ಬಳಿ ಬಂದರು. ಹಿಂದಿನ ಚಕ್ರದ ಕೆಳಗೆ ನೆಲ ಒಣಗಿತ್ತು. ಎಂಜಿನ್ನನ್ನು ಚಾಲೂ ಮಾಡಿ, ಸಾಮಾನು ತುಂಬಿ, ಮಗು ಬೆವರುವುದೆಂದು ಏಸಿ ಹಾಕಿ, ಇನ್ನೊಮ್ಮೆ ಬಗ್ಗಿ ನೋಡಿದರೆ ಮುಂಭಾಗದ ಕೆಳಗೆ ಟಪ್ ಟಪ್ ಎಂದು ಹನಿ!

“ಇವಳೇ, ಸ್ವಲ್ಪ ಬಾ ಇಲ್ಲಿ” ಎಂದು ಅವರು ಕೂಗಿದ ದನಿಗೆ ಎದುರುಮನೆಯ ದೀಪವೂ ಹತ್ತಿತು.

ಆಕೆ ರಂಗೋಲಿಯ ಬಟ್ಟಲನ್ನು ಕೆಳಗಿಟ್ಟು ಬಂದು ಆ ಹನಿಯನ್ನು ಬೆರಳಿಗೆ ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಿದರು.

“ಜಾರೋದಿಲ್ಲ, ವಾಸನೆ ಇಲ್ಲ. ಏಸಿ ನೀರು. ಹತ್ತಿ ಕೂತುಕೊಳ್ಳಿ, ಮೂಡಿಗೆರೆಗೆ ಊಟದ ಹೊತ್ತಿಗೆ ಹೋಗಬೇಕು.”